ಕೇಳಿಸದ ಸದ್ದಿನ ಕಣ್ಣುಯಂತ್ರಕ್ಕೆ ಸದ್ದುನಿಷೇಧ ಸಮಿತಿಯ ಅಧ್ಯಕ್ಷನ ಅಹವಾಲು

ಸನ್ಮಾನ್ಯ ಶ್ರವಣಾತೀತ ಶಬ್ದಯಂತ್ರ ಮಹೋದಯರ ಸನ್ನಿಧಿಗೆ,
ಕಣ್ಣಾಸ್ಪತ್ರೆಯ ಮೂರನೆಯ ಮಹಡಿ, ಅಕ್ರಾ. ಸದ್ಯ ಕುಮಾಸಿ ಪ್ರವಾಸದಲ್ಲಿ

ಮಾನ್ಯರೇ,

ಅಕ್ರಾ ಕಡಲದಂಡೆಯ ನಮ್ಮ ಗಾ ಜನರ ಕೇರಿಯ ಸಮಸ್ತ ಹಿರಿಯರ ಪರವಾಗಿಯೂ, ನನ್ನ ಎರಡು ಕಣ್ಣುಗಳ ಪರವಾಗಿ ಬೇರೆ ಬೇರೆಯಾಗಿಯೂ ತಮಗೆ ನಮಸ್ಕಾರಗಳು. ಕುಮಾಸಿಯ ರಸ್ತೆಯ ಹೊಂಡಗಳು ತಮ್ಮ ಸೂಕ್ಷ್ಮ ಅಂಗಾಂಗಗಳಿಗೆ ತೊಂದರೆ ಕೊಡಲಿಲ್ಲವೆಂದೂ, ಅಲ್ಲಿಯ ಕರೆಂಟು ಇಲ್ಲಿಯದಕ್ಕಿಂತ ಮರ್ಯಾದಸ್ಥನೆಂದೂ ನಂಬಿದ್ದೇನೆ. ಎದುರಿನವರ ಕ್ಷೇಮ ವಿಚಾರಿಸಿ, ಅವರು ಕ್ಷೇಮವೆಂದ ಮೇಲೆಯೇ ದೂರು ಹೇಳುವುದು ನಮ್ಮ ಪದ್ಧತಿ. ಆದರೆ ತಾವು ಬಾಯಿ ಬಿಟ್ಟದ್ದನ್ನು ಕೇಳಿದವರಿಲ್ಲವಾದ್ದರಿಂದ ತಾವು ಕ್ಷೇಮವೆಂದೇ ಬಗೆದು ಮುಂದುವರಿಯುತ್ತೇನೆ.

ನಾನು ಒಕಾಂಟೆ ಲಾರ್ಬಿ, ವಯಸ್ಸು ಅರವತ್ತೊಂದು, ನಮ್ಮ ಕೇರಿಯ ಡೋಲು ಮತ್ತು ಗದ್ದಲ ನಿಷೇಧ ಸಮಿತಿಗೆ ಒಂಬತ್ತು ವರ್ಷಗಳಿಂದ ಅಧ್ಯಕ್ಷ. ಪೂಜಾರಿಗಳು ಸಜ್ಜೆ ಬಿತ್ತಿದ ದಿನದಿಂದ ಮೂವತ್ತು ದಿನ, ಕಾಳು ನೆಮ್ಮದಿಯಾಗಿ ಮೊಳೆಯಲಿ ಎಂದು, ನಮ್ಮಲ್ಲಿ ಡೋಲು ಬಾರಿಸುವಂತಿಲ್ಲ, ಚಪ್ಪಾಳೆ ತಟ್ಟುವಂತಿಲ್ಲ, ಧ್ವನಿವರ್ಧಕ ಹಚ್ಚುವಂತಿಲ್ಲ, ಸತ್ತವರಿಗಾಗಿ ಕೂಡ ಗಟ್ಟಿಯಾಗಿ ಅಳುವಂತಿಲ್ಲ. ತಪ್ಪು ಮಾಡಿದ ವಾದ್ಯಕ್ಕೆ ಕೆಂಪು ಚೀಟಿ ಕಟ್ಟಿ, ನನ್ನ ಮನೆಯ ಹಿಂದಿನ ಕೋಣೆಯಲ್ಲಿಟ್ಟು, ನಿಷೇಧ ಮುಗಿಸುವ ಹಬ್ಬದ ಮೊದಲ ಡೋಲು ಸದ್ದಾದ ಮೇಲೆ ಹಿಂದಿರುಗಿಸಬೇಕೆಂಬ ನಿಯಮವನ್ನು ಬರೆದವನು ನಾನೇ. ಆ ಕೋಣೆಯಲ್ಲಿ ಈಗ ಪಾದ್ರಿ ಅಡೊಕ್ವೆಯವರ ಚರ್ಚಿನ ಐದು ಡೋಲುಗಳು, ಒಂದು ಹೆಂಡದಂಗಡಿಯ ಬೀರುವಿನಷ್ಟು ದೊಡ್ಡ ಸ್ಪೀಕರು, ಐಸ್‌ಕ್ರೀಮಿನವನ ಪೀಪಿ ಮತ್ತು ಒಂದು ವ್ಯಾನಿನ ಹಾರನ್ನು ಇವೆ. ವ್ಯಾನು ಮಾತ್ರ ಹೊರಗೆ ಓಡಾಡಿಕೊಂಡಿದೆ. ನನ್ನ ಹೆಂಡತಿ ಲಾಮಿಲೆ ತನ್ನ ಮೆಕ್ಕೆಜೋಳದ ಹಿಟ್ಟಿನ ಮೂಟೆಗಳನ್ನು ಎಲ್ಲಿಡಲಿ ಎಂದು ಒಂಬತ್ತು ವರ್ಷಗಳಿಂದ ಕೇಳುತ್ತಿದ್ದಾಳೆ, ಸಮಿತಿ ಪರಿಶೀಲಿಸುತ್ತಿದೆ.

ಹೀಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೇರಿ ಕಾಯುತ್ತಿದ್ದ ನಾನು, ನಾಲ್ಕು ವರ್ಷಗಳ ಹಿಂದೆ ಎಣ್ಣೆಯ ಬದಲು ಔಷಧಿ ಬಿಟ್ಟುಕೊಳ್ಳುವ ಹಾಗಾಯಿತು. ಗ್ಲಾಕೋಮಾ ಎಂಬ ಆ ಮಹಾಶಯ ತಮಗೆ ಪರಿಚಿತನೇ. ನೋವಿಲ್ಲ, ಉರಿಯಿಲ್ಲ, ಬಾಗಿಲು ತಟ್ಟುವ ಸೌಜನ್ಯವಿಲ್ಲ. ಕಣ್ಣೊಳಗೆ ಒತ್ತಡ ಏರಿಸಿ ಅಂಚಿನಿಂದ ಒಂದೊಂದೇ ಇಂಚು ದೃಷ್ಟಿಯನ್ನು ಕದ್ದುಕೊಂಡು ಹೋಗುತ್ತಾನೆ. ಮೊದಮೊದಲು ಆಡನ್ನು ಎಡವಿದೆ, ಆಮೇಲೆ ವಿದ್ಯುತ್ ಕಂಬಕ್ಕೆ ಎರಡು ಸಲ ನಮಸ್ಕರಿಸಿದೆ. ಪಪಾಯ ದಂಟಿನೊಳಗಿಂದ ನೋಡಿದ ಹಾಗೆ ಎದುರಿನದಷ್ಟೇ ಕಾಣತೊಡಗಿದಾಗ ಕೇರಿಯಲ್ಲಿ ಸುದ್ದಿಯಾಯಿತು, "ಅಧ್ಯಕ್ಷರ ಎಡಗಡೆ ನಿಂತ್ರೆ ಆರಾಮಾಗಿ ಡೋಲು ಬಾರಿಸ್ಬಹುದು ಕಣ್ರೋ, ತಿರುಗಿ ನೋಡೋದ್ರೊಳಗೆ ಹಾಡು ಮುಗಿದಿರತ್ತೆ." ಪಾದ್ರಿಗಳ ಐದನೆಯ ಡೋಲು ಎರಡು ವರ್ಷ ನನ್ನ ಎಡಗಡೆಯಲ್ಲೇ ವಾಸವಾಗಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು.

ಮೂರು ಬಗೆಯ ಹನಿಗಳೂ ಸೋತ ಮೇಲೆ ಕಣ್ಣಿನ ಡಾಕ್ಟರು ಸೆಫಾಕೋರ್ ತಮ್ಮ ಹೆಸರನ್ನೆತ್ತಿದರು. ವೋಲ್ಟಾ ಕಡೆಯ ಹೆಣ್ಣುಮಗಳು, ಹಿರಿಯರನ್ನು ನಮ್ಮ ಹಾಗೆಯೇ 'ಅತಾ' ಎಂದು ಕರೆಯುತ್ತಾರೆ. "ಅತಾ, ಕಣ್ಣೊಳಗೆ ನೀರು ಹುಟ್ಟೋ ಜಾಗ ಒಂದಿದೆ, ಅದು ಹೊರಗೆ ಹೋಗೋ ದಾರಿ ಒಂದಿದೆ. ನಿಮಗೆ ಹೋಗೋ ದಾರಿ ಕಟ್ಕೊಂಡಿದೆ. ಹುಟ್ಟೋ ಜಾಗಾನೇ ಒಂಚೂರು ಸುಟ್ಟು ಕಮ್ಮಿ ಮಾಡ್ತೀವಿ. ಚಾಕು ಇಲ್ಲ, ಹೊಲಿಗೆ ಇಲ್ಲ. ಇರೋ ದೃಷ್ಟಿ ಉಳಿಯತ್ತೆ ಅಂತ ಆಸೆ, ಹೋಗಿರೋದು ಮಾತ್ರ ವಾಪಸ್ ಬರಲ್ಲ. ಮೆಷಿನ್ನು ಎರಡು ವಾರ ಇಲ್ಲಿರತ್ತೆ, ಆಮೇಲೆ ಕುಮಾಸಿಗೆ ಹೋಗತ್ತೆ, ಮತ್ತೆ ಬರೋದು ಬರೋ ವರ್ಷವೇ." ಚಾಕು ಇಲ್ಲವೆಂಬುದನ್ನು ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಚಾಕುವಿನ ಬದಲು ಏನಿದೆ ಎಂದು ಕೇಳುವುದನ್ನೇ ಮರೆತೆ. ನನ್ನ ಕಷ್ಟಗಳೆಲ್ಲ ಹುಟ್ಟಿದ್ದು ಆ ಕೇಳದ ಪ್ರಶ್ನೆಯಿಂದ.

ನಿಷೇಧದ ಮೂರನೆಯ ದಿನ ಬಲಗಣ್ಣಿನ ಸರದಿ. ಕಣ್ಣಿನ ಪಕ್ಕದಲ್ಲಿ ಚುಚ್ಚಿ ಮರಗಟ್ಟಿಸಿ, ಮೇಲೆ ಒಂದು ಪುಟ್ಟ ಬಟ್ಟಲು ಕೂರಿಸಿ, ಅದಕ್ಕೆ ಉಪ್ಪುನೀರು ತುಂಬಿಸಿ, ಒಳಗೆ ತಮ್ಮ ಉಂಗುರವನ್ನಿಟ್ಟರು. ತಾವು ಆರು ಸಲ, ಸಲಕ್ಕೆ ಎಂಟು ಸೆಕೆಂಡು, ತಮ್ಮ ಕೆಲಸ ಮಾಡಿದಿರಿ. ಪಕ್ಕದ ಪೆಟ್ಟಿಗೆಯಿಂದ ಕೋಳಿಮರಿಯಂಥ ಒಂದು ಪೀಂಪೀಂ ಬಿಟ್ಟರೆ ನನಗೆ ಏನೂ ಕೇಳಿಸಲಿಲ್ಲ. ನಾನು ಎಂಥ ಆನಂದದಲ್ಲಿ ಮಲಗಿದ್ದೆ ಗೊತ್ತೇ, ಮಾನ್ಯರೇ? ಕೆಲಸವೂ ಆಗುತ್ತದೆ, ಗದ್ದಲವೂ ಇಲ್ಲ, ಇಂಥ ಸುಸಂಸ್ಕೃತ ಯಂತ್ರ ನಮ್ಮ ಚರ್ಚುಗಳಲ್ಲಿ ಏಕಿಲ್ಲ ಎಂದುಕೊಂಡೆ. ಕಣ್ಣಿಗೆ ಪಟ್ಟಿ ಕಟ್ಟಿದ ಮೇಲೆ ಹೊರಗಿನ ಬೆಂಚಿನಲ್ಲಿ ಕೂತು ಡಾಕ್ಟರಮ್ಮನನ್ನು ಮೆಚ್ಚುಗೆಯಿಂದ ಕೇಳಿದೆ, ಹಾಗಾದರೆ ಅದು ಸುಟ್ಟದ್ದು ಬೆಂಕಿಯಿಂದಲೋ ಬೆಳಕಿನಿಂದಲೋ ಎಂದು. "ಎರಡೂ ಅಲ್ಲ ಅತಾ, ಸದ್ದಿನಿಂದ," ಎಂದರು ಅವರು, ಸಂತೋಷದ ಸುದ್ದಿ ಹೇಳುವವರ ಹಾಗೆ. "ಭಾರೀ ಜೋರು ಸದ್ದು. ಎಷ್ಟು ಕೀರಲು ಅಂದ್ರೆ ಕಿವಿಗೆ ಹತ್ತೋದೇ ಇಲ್ಲ."

ಬೆಂಚಿನ ಇನ್ನೊಂದು ತುದಿಯಲ್ಲಿ, ಅದೇ ಕಾಯಿಲೆಗೆ ಅದೇ ಪಟ್ಟಿ ಕಟ್ಟಿಸಿಕೊಂಡು, ನನ್ನ ಎಡಗಡೆಯಲ್ಲೇ, ಪಾದ್ರಿ ಅಡೊಕ್ವೆ ಕೂತಿದ್ದರು ಎಂಬುದು ಅವರ ಕೆಮ್ಮಿನಿಂದ ತಿಳಿಯಿತು. "ಏನಂದ್ರಿ ಡಾಕ್ಟ್ರೇ? ಇನ್ನೊಂದ್ಸಲ ಹೇಳಿ, ನನ್ನ ಕಿವಿ ಸ್ವಲ್ಪ ಮಂದ," ಎಂದರು. ಡಾಕ್ಟರಮ್ಮ ಪಾಪ, ಇನ್ನೊಂದು ಸಲ ಹೇಳಿದರು.

ಮರುದಿನ ಬೆಳಿಗ್ಗೆ ಚರ್ಚಿನ ಮುದ್ರೆಯೊತ್ತಿದ ದೂರು ಸಮಿತಿಗೆ ಬಂತು. ಬೇಲಿಯೇ ಎದ್ದು ಹೊಲ ಮೇಯ್ದರೆ ದೂರನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ಬೇಲಿಗೇ ಕೊಡುತ್ತಿರುವುದಾಗಿ ಪಾದ್ರಿಗಳು ಬಹಳ ವಿನಯದಿಂದ ಬರೆದಿದ್ದರು. ಪಾದ್ರಿಗಳೂ ಅದೇ ತಪ್ಪು ಮಾಡಿಸಿಕೊಂಡಿರುವುದರಿಂದ ಅವರ ಕಣ್ಣಿಗೂ ಕೆಂಪು ಚೀಟಿ ಕಟ್ಟಬಹುದೆಂದೂ, ಆದರೆ ಸರದಿಯಲ್ಲಿ ಅಧ್ಯಕ್ಷರು ಮೊದಲೆಂದೂ ಸೇರಿಸಿದ್ದರು. ಇಂಥ ಮನುಷ್ಯನ ಡೋಲುಗಳನ್ನು ವಶಪಡಿಸಿಕೊಂಡದ್ದಕ್ಕೆ ನನಗೆ ಒಮ್ಮೆಯೂ ಪಶ್ಚಾತ್ತಾಪವಾಗಿಲ್ಲ.

ಸಭೆ ಸೇರಿತು. ನಾನು ಆರೋಪಿಯಾದ್ದರಿಂದ ಉಪಾಧ್ಯಕ್ಷೆ ಶೋರ್ಮೆ ಅಕ್ಕ ಕುರ್ಚಿ ಹಿಡಿದರು. ಮೀನು ಹೊಗೆಗಿಡುವ ವ್ಯಾಪಾರದವರು, ಹೊಗೆಗೂ ಕಣ್ಣು ಮಿಟುಕಿಸದ ಹೆಂಗಸು. ಕಿವಿಗೆ ಬೀಳದ್ದನ್ನು ಸದ್ದು ಎನ್ನಬಹುದೇ ಎಂದು ನಾನು ವಾದಿಸಿದೆ. ದೋಣಿ ಒಡೆಯ ಟಾವಿಯಾ ನನ್ನ ಪರ ನಿಂತ, "ನನ್ನ ದೋಣೀಲಿ ಮೀನು ಹುಡುಕೋ ಪೆಟ್ಟಿಗೆ ಇದೆ, ಅದೂ ಇಂಥದ್ದೇ ಸದ್ದು ಬಿಟ್ಟು ಮೀನು ಎಲ್ಲಿದೆ ಅಂತ ನೋಡೋದು. ಇವರ ಕಣ್ಣಿಗೆ ಚೀಟಿ ಕಟ್ಟಿದ್ರೆ ನಾಳೆ ನನ್ನ ದೋಣಿಗೆ ಕಟ್ತೀರಿ. ಆಮೇಲೆ ನಿನ್ನ ಒಲೆ ಮೇಲೆ ಏನ್ ಇಡ್ತೀಯ ಅಕ್ಕಾ, ಚೀಟಿನಾ?" ಬಾವಲಿಗಳಿಗೆ ಕೇಳಿಸುತ್ತದೆಯಂತಲ್ಲ ಎಂದು ಯಾರೋ ಎಂದಾಗ, ಈ ಸದ್ದು ಬಾವಲಿಗೂ ನಿಲುಕದ್ದೆಂದು ಡಾಕ್ಟರಮ್ಮ ಕೊಟ್ಟ ಕಾಗದವನ್ನು ಓದಿದೆ. ಗೆದ್ದೆನೆಂದುಕೊಂಡೆ. ಶೋರ್ಮೆ ಅಕ್ಕ ತಲೆಬಟ್ಟೆ ಸರಿಮಾಡಿಕೊಂಡು, "ಮನುಷ್ಯರಿಗೆ ಕೇಳಲ್ಲ, ಒಪ್ದೆ. ಬಾವಲಿಗೆ ಕೇಳಲ್ಲ, ಒಪ್ದೆ. ದೇವರಿಗೆ?" ಎಂದರು. ಎಡಗಣ್ಣಿನ ಚಿಕಿತ್ಸೆಯನ್ನು ನಿಷೇಧ ಮುಗಿಯುವವರೆಗೆ ತಡೆಹಿಡಿಯಲಾಗಿದೆ ಎಂಬ ನಿರ್ಣಯಕ್ಕೆ ನಾನೇ ಸಹಿ ಹಾಕಿದೆ, ಏಕೆಂದರೆ ಅಂಥ ನಿರ್ಣಯಗಳಿಗೆ ಅಧ್ಯಕ್ಷನ ಸಹಿ ಬೇಕೆಂದು ನಾನೇ ಬರೆದಿದ್ದೆ.

ಮಾನ್ಯರೇ, ಇಲ್ಲಿ ನಗೆಯನ್ನು ಸ್ವಲ್ಪ ಬದಿಗಿಟ್ಟು ಹೇಳುತ್ತೇನೆ. ನಿಷೇಧ ಮುಗಿಯಲು ಇಪ್ಪತ್ತೈದು ದಿನಗಳಿದ್ದವು, ತಾವು ಹೊರಡಲು ಒಂಬತ್ತು. ಇಪ್ಪತ್ತರ ಆಸುಪಾಸಿನೊಳಗೆ ಇರಬೇಕಾದ ನನ್ನ ಎಡಗಣ್ಣಿನ ಒತ್ತಡ ಮೂವತ್ತಾರು, ಅದು ಇನ್ನೊಂದು ವರ್ಷ ಕಾಯುವ ಕಣ್ಣಲ್ಲವೆಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಬಲಗಣ್ಣಿನಲ್ಲಿ ಉಳಿದದ್ದು ಅಂಗೈಯಷ್ಟು ಬೆಳಕು. ಊರಿನ ನಿಯಮವನ್ನು ಒಂಬತ್ತು ವರ್ಷ ಬೇರೆಯವರ ಮೇಲೆ ಹೇರಿದವನು ತನ್ನ ಸರದಿ ಬಂದಾಗ ಹಿಂದಿನ ಬಾಗಿಲಿನಿಂದ ಆಸ್ಪತ್ರೆಗೆ ಹೋಗುವುದು ನನ್ನಿಂದಾಗುತ್ತಿರಲಿಲ್ಲ. ನನಗೆ ಹೆದರಿಕೆಯಾಗಿತ್ತು, ಅಷ್ಟೇ. ಲಾಮಿಲೆ ಸಂತೆಗೆಂದು ಹುದುಗಿಸಿದ ಹಿಟ್ಟಿನ ಕೆಂಕೆ ಉಂಡೆಗಳನ್ನು ಮೆಕ್ಕೆಜೋಳದ ಸಿಪ್ಪೆಯಲ್ಲಿ ಸುತ್ತುತ್ತಾ ಕೂತವಳು ಮುಖವೆತ್ತದೆ, "ಅಧ್ಯಕ್ಷರೇ, ಕುರುಡ ಆದ್ರೆ ಸಮಿತಿಯವರು ಕೈಹಿಡ್ಕೊಂಡು ಕಕ್ಕಸಿಗೆ ಕರ್ಕೊಂಡು ಹೋಗ್ತಾರಾ, ಅದಕ್ಕೂ ನಿರ್ಣಯ ಮಾಡ್ಬೇಕಾ?" ಎಂದಳು. ಆಮೇಲೆ ಒಂದು ಉಂಡೆಯನ್ನು ಮೂರು ಸಲ ಸುತ್ತಿ ಮೂರು ಸಲ ಬಿಚ್ಚಿದಳು. ಮರುದಿನ ಬೆಳಿಗ್ಗೆ ಪೂಜಾರಿಯ ಮನೆಗೆ ನನ್ನನ್ನು ಎಳೆದುಕೊಂಡು ಹೋದವಳು ಅವಳೇ.

ಬಿಳಿಬಟ್ಟೆಯ ಹಿರಿಯ ಪೂಜಾರಿ ಬರಿಗಾಲಲ್ಲಿ ಅಂಗಳದಲ್ಲಿ ಕೂತಿದ್ದರು. ನಾನು ಎಲ್ಲವನ್ನೂ ವಿವರಿಸಿದೆ, ಬಟ್ಟಲು, ಉಪ್ಪುನೀರು, ಉಂಗುರ, ಬಾವಲಿ. ಅವರು, "ನಾವು ಸುಮ್ಮನಿರೋದು ಯಾರಿಗೋಸ್ಕರ?" ಎಂದು ಕೇಳಿದರು. ಸಜ್ಜೆಗೋಸ್ಕರ ಎಂದೆ. "ಮತ್ತೆ ಸಜ್ಜೆನ ಕೇಳದೆ ನನ್ನ ತಲೆ ಯಾಕೆ ತಿಂತೀಯ? ಒಂದು ಕುಡಿಕೇಲಿ ಮೊಳಕೆ ಕೊಡ್ತೀನಿ. ಆ ಯಂತ್ರದ ಪಕ್ಕ ಇಡು. ನಿನ್ನ ಸಮಿತಿನೂ ಕೂರ್ಸು. ಅವರಿಗೆ ಕೇಳಿಸದೆ, ಮೊಳಕೆ ತಲೆ ಬಾಗಿಸದೆ ಇದ್ರೆ ನಿನ್ನ ಕಣ್ಣು ನಿಂದು. ಬಾಗಿಸ್ತೋ, ಯಂತ್ರಕ್ಕೆ ಚೀಟಿ ಕಟ್ಟಿ ನನ್ನ ಮುಂದೆ ತಂದು ಹಾಕು." ತಮ್ಮ ಜೀವಮಾನದಲ್ಲಿ ತಾವು ಅನೇಕ ಪರೀಕ್ಷೆಗಳನ್ನು ಪಾಸು ಮಾಡಿ ಬಂದಿರಬಹುದು, ಆದರೆ ಕುಡಿಕೆಯ ಸಜ್ಜೆಯಿಂದ ಪರೀಕ್ಷೆಗೊಳಗಾದ ಯಂತ್ರ ತಾವೊಬ್ಬರೇ ಇರಬೇಕು.

ಆ ಗುರುವಾರವನ್ನು ತಾವೂ ಮರೆತಿರಲಾರಿರಿ. ಕುಡಿಕೆಯ ಮಣ್ಣು ನೋಡಿ ಡಾಕ್ಟರಮ್ಮ ಎದೆ ಬಡಿದುಕೊಂಡರು. ಕೊನೆಗೆ ಕುಡಿಕೆಗೆ ಪ್ಲಾಸ್ಟಿಕ್ ಸುತ್ತಿ, ಮೊಳಕೆಗಳ ಮೇಲೆ ಆಪರೇಷನ್ನಿನ ಟೊಪ್ಪಿಗೆ ಹಾಕಿ, ಕಾಣುವಷ್ಟು ಮಾತ್ರ ಮೇಲೆತ್ತಿ ಮೂಲೆಯ ಸ್ಟೂಲಿನ ಮೇಲಿಟ್ಟರು. ಸಮಿತಿಯ ಐವರೂ ಹಸಿರು ನಿಲುವಂಗಿ, ಹಸಿರು ಟೊಪ್ಪಿಗೆ ಧರಿಸಿ ಗೋಡೆಗೆ ಒರಗಿ ನಿಂತು ಕಿವಿಗೆ ಅಂಗೈ ಹಚ್ಚಿದರು. ದೂರುದಾರರಾಗಿ ಪಾದ್ರಿಗಳೂ ಬಂದಿದ್ದರು. ಪೆಟ್ಟಿಗೆ ಪೀಂ ಎಂದ ಕೂಡಲೇ ಶೋರ್ಮೆ ಅಕ್ಕ, "ಇದು ಸದ್ದು! ಇದು ಪಕ್ಕಾ ಸದ್ದು!" ಎಂದು ನಿಷೇಧವನ್ನೇ ಮುರಿಯುವಷ್ಟು ಗಟ್ಟಿಯಾಗಿ ಕೂಗಿದರು. ನರ್ಸು ಪೀಂಕಾರವನ್ನು ಬಟನ್ನೊತ್ತಿ ಅಡಗಿಸಿದರು. ಆಮೇಲೆ ತಾವು ಶುರುಮಾಡಿದಿರಿ. ಒಂದನೆಯ ಸಲ, ಮೌನ. ಎರಡು, ಮೂರು, ಮೌನ. ನಾಲ್ಕನೆಯದಕ್ಕೆ ಟಾವಿಯಾನ ಹೊಟ್ಟೆ ಗುರ್ ಎಂದಿತು, ಅದನ್ನು ದಾಖಲೆಯಿಂದ ತೆಗೆದುಹಾಕಲಾಯಿತು. ಐದು, ಆರು. ನನಗೆ ಕಾಣುತ್ತಿದ್ದದ್ದು ತಮ್ಮ ಬಟ್ಟಲಿನ ನೀರು ಮಾತ್ರ, ಕೇಳಿಸುತ್ತಿದ್ದದ್ದು ನನ್ನ ಎದೆ ಮಾತ್ರ. "ಮೊಳಕೆ ಹೇಗಿದೆ?" ಎಂದು ಪಿಸುಗುಟ್ಟಿದೆ. ಸ್ಟೂಲಿನ ಕಡೆಯಿಂದ ಪಾದ್ರಿಗಳ ದನಿ ಬಂತು, "ನೆಟ್ಟಗೆ ನಿಂತಿದೆ ಕಣಣ್ಣ. ನಾನೂ ಬಗ್ಗಿ ನೋಡ್ದೆ. ನೆಟ್ಟಗಿದೆ." ದೂರುದಾರನ ಬಾಯಿಂದ ಆ ಮಾತು ಕೇಳಿ ನಾನು ಮಲಗಿದ್ದಲ್ಲೇ ಅವರ ಒಂದು ಡೋಲನ್ನು ಮನಸ್ಸಿನಲ್ಲಿ ಬಿಡುಗಡೆ ಮಾಡಿದೆ. ಚಿಕ್ಕದನ್ನು.

ತಮಗೆ ನಿರ್ದೋಷಿ ಪತ್ರ ಕೊಡಲಾಯಿತು. ತಮ್ಮಷ್ಟು ಭಯಂಕರ ಸದ್ದು ಮಾಡುವವರು ನಮ್ಮ ಕೇರಿಯಲ್ಲಿ ಹಿಂದೆ ಹುಟ್ಟಿರಲಿಲ್ಲ, ತಮ್ಮಷ್ಟು ಕಳಂಕರಹಿತರೂ ಹುಟ್ಟಿರಲಿಲ್ಲ. ಇಷ್ಟಕ್ಕೇ ಮುಗಿದಿದ್ದರೆ ಈ ಪತ್ರವೇ ಇರುತ್ತಿರಲಿಲ್ಲ.

ಎಂಟು ದಿನ ಕಳೆದು, ಅಂದರೆ ನಿಷೇಧದ ಇಪ್ಪತ್ತನೆಯ ದಿನ, ತಪಾಸಣೆ. ಲಾಮಿಲೆಗೆ ಸಂತೆಯ ದಿನವಾದ್ದರಿಂದ ನನ್ನ ಜೊತೆಗೆ ಶೋರ್ಮೆ ಅಕ್ಕ ಬಂದಿದ್ದರು. ಕಾಯುವ ಹಜಾರದಲ್ಲಿ ನಲವತ್ತು ಜನ, ಪಟ್ಟಿಯವರು, ಕನ್ನಡಕದವರು, ಕೋಲಿನವರು. ಡಾಕ್ಟರಮ್ಮ ಒತ್ತಡ ಅಳೆದು, ಇನ್ನೊಮ್ಮೆ ಅಳೆದು, ಬಾಗಿಲವರೆಗೆ ಬಂದು ಹೇಳಿದರು, "ಅತಾ, ಬಲಗಣ್ಣು ಹದಿನೆಂಟು. ಎಡಗಣ್ಣು ಹದಿನಾರು! ಇಷ್ಟೇ ಇದ್ರೆ ಇರೋ ದೃಷ್ಟಿ ನಿಮ್ಮ ಹತ್ರಾನೇ ಇರತ್ತೆ." ಮೂವತ್ತಾರರಿಂದ ಹದಿನಾರು! ಮಾನ್ಯರೇ, ನನಗೆ ಗೊತ್ತಾಗುವ ಮೊದಲೇ ನನ್ನ ಕೈಗಳಿಗೆ ಗೊತ್ತಾಗಿಬಿಟ್ಟಿತು. ನಾನು ಚಪ್ಪಾಳೆ ತಟ್ಟಿದೆ. ಒಂದಲ್ಲ, ಎರಡಲ್ಲ, ನನ್ನ ಹಿಂದೆಯೇ ತಪಾಸಣೆಗೆ ನಿಂತಿದ್ದ ಪಾದ್ರಿಗಳ ಸಾಕ್ಷ್ಯದ ಪ್ರಕಾರ ಹನ್ನೊಂದು ಸಲ. ಹಜಾರದ ನಲವತ್ತು ಜನರೂ ಸಂತೋಷದಿಂದ ಸೇರಿಕೊಂಡರು, ಆದರೆ ಅವರು ಬೇರೆ ಊರಿನವರು, ನಮ್ಮ ಕಾನೂನು ಅವರಿಗೆ ತಗಲುವುದಿಲ್ಲ.

ಚಪ್ಪಾಳೆ ನಿಂತಾಗ ಶೋರ್ಮೆ ಅಕ್ಕ ಕೈಚೀಲದಿಂದ ಕೆಂಪು ಚೀಟಿ ತೆಗೆಯುತ್ತಿದ್ದರು. "ನಂಗೂ ಖುಷಿಯಾಗಿದೆ ಅಣ್ಣಾ, ದೇವರಾಣೆ," ಎಂದರು, ಅವರ ಕಣ್ಣೂ ಒದ್ದೆಯಾಗಿತ್ತು. "ಆದ್ರೆ ತಪ್ಪು ಮಾಡಿದ ವಾದ್ಯಕ್ಕೆ ಚೀಟಿ ಕಟ್ಬೇಕು ಅಂತ ಬರೆದೋರು ಯಾರು? ಕೈ ಚಾಚಿ." ಎರಡು ಮಣಿಕಟ್ಟಿಗೂ ಚೀಟಿ ಬಿತ್ತು. ವಶಪಡಿಸಿಕೊಂಡ ವಸ್ತು: ಕೈ, ಎರಡು. ಸ್ಥಿತಿ: ಹಳೆಯದು, ಕೆಲಸ ಮಾಡುತ್ತದೆ. ಇವನ್ನು ನನ್ನ ಮನೆಯ ಹಿಂದಿನ ಕೋಣೆಯಲ್ಲಿಡುವುದು ಹೇಗೆಂದು ಚರ್ಚೆಯಾಗಿ, ನಾನೂ ಒಳಗೆ ಹೋಗಬೇಕಾಗುತ್ತದೆಂದೂ ಅಲ್ಲಿ ಸ್ಪೀಕರಿನಿಂದಾಗಿ ಜಾಗವಿಲ್ಲವೆಂದೂ ಗೊತ್ತಾಗಿ, ನನ್ನ ವಶಕ್ಕೇ ಷರತ್ತಿನ ಮೇಲೆ ಕೊಡಲಾಯಿತು. "ಒಂದು ಕೈಲಿ ಚಪ್ಪಾಳೆ ಆಗಲ್ಲ. ಅದಕ್ಕೇ ಒಂದೊಂದೇ ಬಳಸಿ. ಹಬ್ಬದ ಡೋಲು ಆಗೋವರೆಗೆ ಎರಡೂ ಒಂದು ಮೊಳದೊಳಗೆ ಹತ್ರ ಬರಬಾರದು," ಎಂದರು. ಹೀಗೆ ಕಣ್ಣಿಗೆ ಆರಾರು ಸಲ ಸದ್ದು ಮಾಡಿದ ತಾವು ಹಾರ ಹಾಕಿಸಿಕೊಂಡು ಕುಮಾಸಿಗೆ ಹೋದಿರಿ, ಹನ್ನೊಂದು ಸಲ ಸಂತೋಷಪಟ್ಟ ನಾನು ಅಪರಾಧಿಯಾದೆ.

ಆದ್ದರಿಂದ ಕೆಳಗಿನ ಬೇಡಿಕೆಗಳನ್ನು ತಮ್ಮ ಪಾದಕ್ಕೆ, ಪಾದವಿಲ್ಲದಿದ್ದರೆ ಚಕ್ರಗಳಿಗೆ, ಅರ್ಪಿಸುತ್ತೇನೆ. ತಾವು ಒಂದೇ ಒಂದು ಸಲ, ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಸದ್ದು ಮಾಡಿ ತಪ್ಪೊಪ್ಪಿಕೊಳ್ಳಬೇಕು. ಅದು ಸಾಧ್ಯವಾಗದಿದ್ದರೆ, ಕಿವಿಗೆ ಬೀಳದಂತೆ ಸದ್ದು ಮಾಡುವ ತಮ್ಮ ವಿದ್ಯೆಯನ್ನು ಪಾದ್ರಿಗಳ ಚರ್ಚಿನ ಗಾಯಕವೃಂದಕ್ಕೆ, ಮುಖ್ಯವಾಗಿ ಮುಂದಿನ ಸಾಲಿನ ದಪ್ಪ ಹೆಂಗಸಿಗೆ, ಕಲಿಸಿಕೊಡಬೇಕು. ಒತ್ತಡ ಇಳಿಸುವುದು ತಮ್ಮ ಕುಲಕಸುಬಾದ್ದರಿಂದ, ಬಿಡುವಿದ್ದಾಗ ನಮ್ಮ ಕೇರಿಯ ನೀರಿನ ಕೊಳಾಯಿಯ ಒತ್ತಡ ಸ್ವಲ್ಪ ಏರಿಸಲು ಸಾಧ್ಯವೇ ಎಂದೂ ನೋಡಬೇಕು; ಉಲ್ಟಾ ತಿರುಗಿಸಿದರೆ ಆಗಬಹುದು. ಬರುವ ವರ್ಷ ಸಜ್ಜೆ ಬಿತ್ತುವ ಮೊದಲೇ ಬರಬೇಕು. ಮತ್ತು ಬಂದೇ ಬರಬೇಕು, ಏಕೆಂದರೆ ನಮ್ಮ ಬೀದಿಯಲ್ಲೇ ಕಂಬಕ್ಕೆ ನಮಸ್ಕರಿಸುವವರು ಇನ್ನೂ ಏಳು ಜನರಿದ್ದಾರೆ, ಅವರು ತಮ್ಮ ಕಾಯಿಲೆಯನ್ನು ವಿನಯವೆಂದು ತಿಳಿದುಕೊಂಡಿದ್ದಾರೆ. ಅವರ ಪಟ್ಟಿಯನ್ನು ನಾನು ಮತ್ತು ಪಾದ್ರಿಗಳು ಮನೆಮನೆಗೆ ಹೋಗಿ ಮಾಡುತ್ತಿದ್ದೇವೆ. ಬಾಗಿಲು ತಟ್ಟುವುದು ಪಾದ್ರಿಗಳು, ನನಗೆ ಅನುಮತಿಯಿಲ್ಲ.

ಕೊನೆಯದಾಗಿ ಒಂದು ಮಾತು. ತಮ್ಮ ನಂತರವೂ ನನಗೆ ಒಂದು ಬಗೆಯ ಹನಿ ಬಿಡಬೇಕಿದೆ. ಹನಿ ಬಿಡಲು ಒಂದು ಕೈ ರೆಪ್ಪೆ ಎಳೆಯಬೇಕು, ಇನ್ನೊಂದು ಬಾಟಲಿ ಹಿಂಡಬೇಕು. ಎರಡೂ ಮೊಳದೊಳಗೆ ಬರುತ್ತವೆ, ಕಾನೂನುಬಾಹಿರ. ಆದ್ದರಿಂದ ಬೆಳಿಗ್ಗೆ ಸಂಜೆ ಲಾಮಿಲೆಯೇ ಬಿಡುತ್ತಾಳೆ. ಈ ಪತ್ರವನ್ನು ನಾನು ಒಂದೇ ಕೈಯಲ್ಲಿ ಬರೆದಿದ್ದೇನೆ, ಕಾಗದ ಜಾರಿ ಸಾಲುಗಳು ಓರೆಯಾಗಿದ್ದರೆ ಅದನ್ನು ತಮ್ಮ ಲೆಕ್ಕಕ್ಕೆ ಬರೆದುಕೊಳ್ಳಬೇಕಾಗಿ ವಿನಂತಿ.

ಎಡಗಡೆಯಿಂದಲೂ ಬಲಗಡೆಯಿಂದಲೂ, ಕಾಣುವಷ್ಟು ಮಟ್ಟಿಗೆ,
ತಮ್ಮ ವಿಶ್ವಾಸಿ,
ಒಕಾಂಟೆ ಲಾರ್ಬಿ
ಅಧ್ಯಕ್ಷ (ಕೈಗಳನ್ನು ಹೊರತುಪಡಿಸಿ)

ವಿ.ಸೂ.: ಕಣ್ಣೊಳಗೆ ನೀರು ಹುಟ್ಟುವುದನ್ನು ಕಡಿಮೆ ಮಾಡಿರುವುದಾಗಿ ತಮ್ಮ ಕಡೆಯವರು ಲಿಖಿತ ಭರವಸೆ ಕೊಟ್ಟಿದ್ದಾರೆ. ನಿನ್ನೆ ಹನಿ ಬಿಡಲು ಲಾಮಿಲೆ ನನ್ನ ಮೇಲೆ ಬಗ್ಗಿದಾಗ, ಅವಳ ಮುಖ ಇಡೀ ಮುಖವಾಗಿಯೇ ನನ್ನ ಎಡಗಣ್ಣಿನೊಳಗೆ ಹಿಡಿಸಿತು. ಹುಬ್ಬಿನ ಹತ್ತಿರ ಎರಡು ಬಿಳಿಕೂದಲು, ಅವು ಯಾವಾಗ ಬಂದವೋ ನಾನು ನೋಡಿರಲಿಲ್ಲ. ಆ ಕ್ಷಣದಲ್ಲಿ ಎರಡೂ ಕಣ್ಣುಗಳಿಂದ ಧಾರಾಳವಾಗಿ ನೀರು ಹರಿದು, ಹಾಕಿದ ಔಷಧಿಯೆಲ್ಲ ಕೊಚ್ಚಿಕೊಂಡು ಹೋಗಿ ದಿಂಬು ನೆನೆಯಿತು. ಲಾಮಿಲೆ, "ಸುಮ್ನಿರಯ್ಯಾ, ಹನಿ ದಂಡ," ಎಂದು ಬೈದು ಮತ್ತೆ ಹಾಕಿದಳು, ಅದೂ ಹೋಯಿತು. ತಮ್ಮ ಕೆಲಸದಲ್ಲಿ ಇಷ್ಟು ದೊಡ್ಡ ಸೋರಿಕೆ ಉಳಿದಿರುವುದು ತಮ್ಮ ಖ್ಯಾತಿಗೆ ಶೋಭೆಯಲ್ಲ. ದಯವಿಟ್ಟು ರಿಪೇರಿಗೆ ಯಾರನ್ನೂ ಕಳಿಸಬೇಡಿ.